ಲಾಲ್‌ಬಾಗಿನಲ್ಲಿ ಉಳಿಸಬೇಕಾದ್ದು ಏನು?

ಚೆನ್ನೈನ ತರಕಾರಿ ಅಂಗಡಿಯಲ್ಲಿ ಸೀಮೆಬದನೆಕಾಯಿ ತೋರಿಸಿ ಹೆಸರು ಕೇಳಿ. ‘ಚೌ ಚೌ’ ಅನ್ನುತ್ತಾರೆ. ಸ್ವಲ್ಪ ವಯಸ್ಸಾದವರಾದರೆ ‘ಬೆಂಗಳೂರು ಕತ್ತರಿಕ್ಕಾಯ್’ ಅನ್ನುತ್ತಾರೆ. ತೆಲುಗಿನವರಿಗೆ ಅದು ‘ಬೆಂಗಳೂರು ವಂಕಾಯ’. ಅಕ್ಕಪಕ್ಕದವರೆಲ್ಲ ಅದಕ್ಕೆ ಬೆಂಗಳೂರಿನ ಹೆಸರು ಕೊಟ್ಟಿದ್ದರೆ ನಾವು ಮಾತ್ರ ‘ಸೀಮೆ’ ಅಂತ ಸೇರಿಸಿ ದೂರ ಇಟ್ಟಿದ್ದೇವೆ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು ಇದ್ದ ಹಾಗೆ, ಎಲ್ಲೋ ಹೊರಗಿಂದ ಬಂದದ್ದು ಅಂತ ಅರ್ಥ.

ತಮಾಷೆ ಅಂದರೆ ಎರಡೂ ಸರಿ. ಆ ಕಾಯಿಯ ತವರು ಮೆಕ್ಸಿಕೊ ಕಡೆ. ಅದು ನಮ್ಮ ಸಾಂಬಾರಿಗೆ ಬಂದದ್ದು ಲಾಲ್‌ಬಾಗಿನ ದಾರಿಯಲ್ಲಿ. 19ನೇ ಶತಮಾನದ ಕೊನೆಯಲ್ಲಿ ಜಾನ್ ಕ್ಯಾಮರಾನ್ ಅಲ್ಲಿ ಸೂಪರಿಂಟೆಂಡೆಂಟ್ ಆಗಿದ್ದರು. ಅವರ ಕಾಲದಲ್ಲಿ ತರಿಸಿ, ಬೆಳೆಸಿ, ಹೊರಗೆ ಹಬ್ಬಿಸಿದ ಗಿಡಗಳಲ್ಲಿ ಇದೂ ಒಂದು.

ಲಾಲ್‌ಬಾಗ್ ಪಾರಂಪರಿಕ ತಾಣ ಅಂತ ಎಲ್ಲರೂ ಒಪ್ಪುತ್ತಾರೆ. ಯಾಕೆ ಅಂತ ಕೇಳಿದರೆ ಹೆಚ್ಚಿನವರು ಗಾಜಿನ ಮನೆ ತೋರಿಸುತ್ತಾರೆ. ಕೆಲವರು ಬಂಡೆ ಮೇಲಿನ ಕೆಂಪೇಗೌಡ ಗೋಪುರ ತೋರಿಸುತ್ತಾರೆ. ಕಣ್ಣಿಗೆ ಕಾಣುವ ಕಟ್ಟಡ ಇದ್ದರೆ ಪರಂಪರೆ ಅನ್ನೋದು ಸುಲಭ. ನನ್ನ ಲೆಕ್ಕದಲ್ಲಿ ಲಾಲ್‌ಬಾಗಿನ ಬೆಲೆ ಹೇಳೋಕೆ ಗಾಜಿನ ಮನೆಗಿಂತ ಸೀಮೆಬದನೆಕಾಯಿ ಒಳ್ಳೆಯ ಸಾಕ್ಷಿ. ಅದು ಹೇಗೆ ಅಂತ ನಿಧಾನವಾಗಿ ಬಿಡಿಸುತ್ತೇನೆ.

ಮೊದಲು ಒಂದು ಸಣ್ಣ ಗೊಂದಲ ತೀರಿಸಿಕೊಳ್ಳೋಣ. ಪಾರ್ಕಿಗೂ ಸಸ್ಯೋದ್ಯಾನಕ್ಕೂ ಏನು ವ್ಯತ್ಯಾಸ? ಎರಡರಲ್ಲೂ ಮರ ಇದೆ, ಬೆಂಚು ಇದೆ, ಬೆಳಗ್ಗೆ ಕೈ ಬೀಸಿಕೊಂಡು ನಡೆಯುವವರಿದ್ದಾರೆ. ನಮ್ಮ ಬಡಾವಣೆಯ ಪಾರ್ಕಿನಲ್ಲಿ ಒಂದು ದೊಡ್ಡ ಮರ ಇದೆ. ಯಾವ ಜಾತಿ, ಯಾರು ನೆಟ್ಟರು, ಎಲ್ಲಿಂದ ತಂದರು ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇಲ್ಲ, ನೆರಳು ಕೊಟ್ಟರೆ ಸಾಕು. ಸಸ್ಯೋದ್ಯಾನದಲ್ಲಿ ಹಾಗೆ ನಡೆಯೋದಿಲ್ಲ. ಅಲ್ಲಿ ಪ್ರತಿ ಗಿಡಕ್ಕೂ ಹೆಸರು ಇರಬೇಕು, ಊರು ಇರಬೇಕು, ದಾಖಲೆ ಇರಬೇಕು. ಬೇರೆ ದೇಶದ ತೋಟದ ಜೊತೆ ಬೀಜ ಕೊಡು ಕೊಳ್ಳು ಇರಬೇಕು. ಒಣಗಿಸಿ ಕಾಗದಕ್ಕೆ ಅಂಟಿಸಿದ ಸಸ್ಯದ ಮಾದರಿ ಇರಬೇಕು. ಒಂದು ರೀತಿಯಲ್ಲಿ ಅದು ಲೈಬ್ರರಿ, ಪುಸ್ತಕದ ಜಾಗದಲ್ಲಿ ಮರ ನಿಂತಿದೆ ಅಷ್ಟೆ. ಮರದ ಮೇಲಿನ ಪುಟ್ಟ ಫಲಕ ಕಿತ್ತು ಬಿಸಾಡಿದರೆ ಮರ ಅಲ್ಲೇ ಇರುತ್ತದೆ, ಆದರೆ ಲೈಬ್ರರಿಯ ಒಂದು ಪುಸ್ತಕ ಕಳೆದಂತೆ.

ಲಾಲ್‌ಬಾಗ್ ಶುರುವಾದದ್ದು ಸಸ್ಯೋದ್ಯಾನವಾಗಿ ಅಲ್ಲ. 1760ರಲ್ಲಿ ಹೈದರ್ ಅಲಿ ಸುಮಾರು 40 ಎಕರೆಯಲ್ಲಿ ತೋಟ ಹಾಕಿಸಿದ. ಅವನ ಕಣ್ಣ ಮುಂದೆ ಇದ್ದ ಮಾದರಿ ನಮ್ಮ ತುಮಕೂರು ಜಿಲ್ಲೆಯ ಶಿರಾದಲ್ಲಿದ್ದ ಮೊಘಲ್ ಶೈಲಿಯ ತೋಟ. ಟಿಪ್ಪು ಅದನ್ನು ಮುಂದುವರಿಸಿದ, ಪರ್ಷಿಯಾ, ಅಫ್ಘಾನಿಸ್ತಾನ, ಮಾರಿಷಸ್ ಕಡೆಯಿಂದೆಲ್ಲ ಬೀಜ ಸಸಿ ತರಿಸಿದ.

ಆ ತೋಟ ಹೇಗಿತ್ತು ಅಂತ ಕಣ್ಣಾರೆ ನೋಡಿ ಬರೆದಿಟ್ಟವರು ಒಬ್ಬರಿದ್ದಾರೆ. ಟಿಪ್ಪು ಸತ್ತ ಮರು ವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟಿಷ್ ವೈದ್ಯ ಕಂಪನಿ ಸರ್ಕಾರದ ಆದೇಶದ ಮೇಲೆ ಮೈಸೂರು ಸೀಮೆ ಸುತ್ತುತ್ತಿದ್ದ. ಅವನು ಕಂಡದ್ದು ಚೌಕಾಕಾರದ ಮಡಿಗಳು, ನಡುವೆ ಓಡಾಡೋಕೆ ದಾರಿ, ದಾರಿಯ ಎರಡೂ ಬದಿಗೆ ಸಾಲಾಗಿ ಸೈಪ್ರೆಸ್ ಮರ. ಒಂದು ಮಡಿಗೆ ಒಂದೇ ಜಾತಿ. ಒಂದರಲ್ಲಿ ಬರೀ ಗುಲಾಬಿ, ಇನ್ನೊಂದರಲ್ಲಿ ಬರೀ ದಾಳಿಂಬೆ. ಸೇಬು, ಪೀಚ್ ಕೂಡ ಇಲ್ಲಿ ಹಣ್ಣು ಬಿಡುತ್ತವೆ ಅಂತ ಬರೆದ. ದಕ್ಷಿಣ ಆಫ್ರಿಕಾದ ಕೇಪ್ ಕಡೆಯಿಂದ ಬಂದ ಪೈನ್ ಮತ್ತು ಓಕ್ ಸಸಿಗಳು ಚೆನ್ನಾಗಿ ಏಳುತ್ತಿವೆ ಅಂತಲೂ ಬರೆದ. ಮುಂದಿನ ನೂರು ವರ್ಷದ ಕಥೆಯೆಲ್ಲ ಈ ಮಾತಿನಲ್ಲೇ ಇದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸೆಕೆಯೂ ಅತಿಯಾಗಿಲ್ಲ, ಚಳಿಯೂ ಅತಿಯಾಗಿಲ್ಲ. ಮಾವೂ ಬರುತ್ತದೆ, ಒಂದಷ್ಟು ಮಟ್ಟಿಗೆ ಸೇಬೂ ಬರುತ್ತದೆ. ಹೊಸ ಗಿಡ ಪರೀಕ್ಷೆ ಮಾಡೋರಿಗೆ ಇದಕ್ಕಿಂತ ಒಳ್ಳೆ ಜಾಗ ಬೇಕಾ?

ಆಮೇಲಿನ ಐವತ್ತು ವರ್ಷ ತೋಟ ಕೈಯಿಂದ ಕೈಗೆ ಹೋಯಿತು. ಮೇಜರ್ ಗಿಲ್ಬರ್ಟ್ ವಾ ಎಂಬ ಅಧಿಕಾರಿಯ ಹತ್ತಿರ ಇತ್ತು, 1819ರಲ್ಲಿ ಕಂಪನಿಗೆ ಹೋಯಿತು, 1836ರಿಂದ ಕೆಲವು ವರ್ಷ ಒಂದು ಕೃಷಿ ತೋಟಗಾರಿಕೆ ಸಂಘ ನೋಡಿಕೊಂಡಿತು, ಆ ಸಂಘವೂ ಮುಚ್ಚಿತು. ಈ ಭಾಗ ಬೇಗ ದಾಟೋಣ.

ತಿರುವು ಬಂದದ್ದು 1856ರಲ್ಲಿ. ಆಗ ಲಾಲ್‌ಬಾಗ್ ಅಧಿಕೃತವಾಗಿ ಸರ್ಕಾರಿ ಸಸ್ಯೋದ್ಯಾನವಾಯಿತು. ಲಂಡನ್ನಿನ ಹತ್ತಿರದ ಕ್ಯೂ ತೋಟದಲ್ಲಿ ಪಳಗಿದ ವಿಲಿಯಂ ನ್ಯೂ 1858ರಲ್ಲಿ ಇಲ್ಲಿಗೆ ಬಂದ. ಕ್ಯೂ ಅಂದರೆ ಆ ಕಾಲದ ಸಸ್ಯಲೋಕದ ಹೆಡ್ಡಾಫೀಸು. ಕಲ್ಕತ್ತ, ಸಿಲೋನ್, ಮಾರಿಷಸ್, ಜಮೈಕಾ ಹೀಗೆ ಸಾಮ್ರಾಜ್ಯದ ಮೂಲೆ ಮೂಲೆಯ ತೋಟಗಳೆಲ್ಲ ಅದಕ್ಕೆ ತಂತಿ ಕಟ್ಟಿದ ಹಾಗೆ ಸೇರಿಕೊಂಡಿದ್ದವು. ಬೀಜ, ಸಸಿ, ಪತ್ರ ಅತ್ತಿತ್ತ ಓಡಾಡುತ್ತಿದ್ದವು. ಇದು ಬರೀ ಹೂವಿನ ಪ್ರೀತಿ ಅಂದುಕೊಳ್ಳಬೇಡಿ. ಯಾವ ಗಿಡ ಎಲ್ಲಿ ಬೆಳೆದರೆ ಎಷ್ಟು ದುಡ್ಡು ಅನ್ನುವ ಲೆಕ್ಕ ಇದರ ಹಿಂದೆ ಗಟ್ಟಿಯಾಗಿ ಇತ್ತು. ಮಲೇರಿಯಾ ಔಷಧಿ ಕೊಡುವ ಸಿಂಕೋನಾ ಮರ, ರಬ್ಬರ್, ಕಾಫಿ ಎಲ್ಲದರ ಹಿಂದೆಯೂ ಇಂಥ ತೋಟಗಳಿವೆ. ಪರಂಪರೆ ಅಂತ ಹೆಮ್ಮೆ ಪಡುವಾಗ ಈ ಮಾತನ್ನೂ ಜೊತೆಗೆ ಇಟ್ಟುಕೊಳ್ಳಬೇಕು. ಮುಚ್ಚಿಟ್ಟರೆ ಕಥೆ ಅರ್ಧ ಆಗುತ್ತದೆ.

ನ್ಯೂ ಮಾಡಿದ ಮುಖ್ಯ ಕೆಲಸ ಒಂದು ಪಟ್ಟಿ. 1861ರಲ್ಲಿ ತೋಟದ ಗಿಡಗಳ ಕ್ಯಾಟಲಾಗ್ ಬಂತು. ಕ್ಯಾಮರಾನ್ 1891ರಲ್ಲಿ ಇನ್ನೊಂದು ತಂದರು. ಓದೋಕೆ ಯಾರಿಗೂ ರುಚಿಸದ ಪುಸ್ತಕಗಳು ಇವು. ಆದರೆ ಇಂಥ ಪಟ್ಟಿ ಇರೋದರಿಂದಲೇ ಯಾವ ಗಿಡ ಯಾವಾಗ ಇಲ್ಲಿತ್ತು, ಯಾವುದು ಉಳಿಯಿತು, ಯಾವುದು ಹೋಯಿತು ಅಂತ ಇವತ್ತು ಹೇಳಬಹುದು. ತೋಟ ಲೈಬ್ರರಿ ಆದದ್ದು ಇಲ್ಲಿಂದ.

ಕ್ಯಾಮರಾನ್ 1874ರಲ್ಲಿ ಬಂದಾಗ ಲಾಲ್‌ಬಾಗ್ ಸುಮಾರು 45 ಎಕರೆ. ಅವರು 1908ರವರೆಗೆ ಇದ್ದರು. ಪೂರ್ವಕ್ಕೆ ಜಾಗ ಸೇರಿಸುತ್ತಾ ಹೋದರು. ಇವತ್ತು ಅದು 240 ಎಕರೆ. ನಾವು ಈಗಲೂ ‘ಇಂಗ್ಲಿಷ್ ತರಕಾರಿ’ ಅನ್ನುವ ಕೋಸು, ಟರ್ನಿಪ್ ಥರದವಕ್ಕೆ ಲಾಲ್‌ಬಾಗಿನ ಒತ್ತಾಸೆ ಸಿಕ್ಕಿದ್ದು ಆ ಕಾಲದಲ್ಲಿ. ಸೀಮೆಬದನೆಯನ್ನೇ ತೆಗೆದುಕೊಳ್ಳಿ. ಅದಕ್ಕೆ ಬಿಡಿ ಬೀಜ ಅಂತ ಇಲ್ಲ. ಕಾಯಿಯ ಒಳಗೆ ಒಂದೇ ಬೀಜ, ಅದು ಕಾಯಿಯೊಳಗೇ ಮೊಳೆಯುತ್ತದೆ. ಇಡೀ ಕಾಯಿಯನ್ನೇ ನೆಡಬೇಕು. ಬುಟ್ಟಿಯಲ್ಲಿ ಮರೆತರೆ ತುದಿಯಿಂದ ಹಸಿರು ನಾಲಿಗೆ ಚಾಚೋದನ್ನು ನೀವೂ ನೋಡಿರುತ್ತೀರಿ. ಇಂಥದ್ದನ್ನು ಸಾವಿರಾರು ಮೈಲಿ ಆಚೆಯಿಂದ ಜೀವಂತ ತರಿಸಿ, ಯಾವ ಮಣ್ಣು, ಎಷ್ಟು ನೀರು, ಚಪ್ಪರ ಎಷ್ಟೆತ್ತರ ಅಂತ ಗೊತ್ತು ಮಾಡಿಕೊಂಡು ರೈತನ ಕೈಗೆ ಕೊಡೋದು ಸಣ್ಣ ಕೆಲಸ ಅಲ್ಲ. ಸಸ್ಯೋದ್ಯಾನ ಇಲ್ಲದೆ ಅದು ಆಗುತ್ತಿರಲಿಲ್ಲ.

ಹಾಗಂತ ಗಾಜಿನ ಮನೆಯನ್ನು ನಾನು ಕಡೆಗಣಿಸುತ್ತಿಲ್ಲ. ಅದರ ಅಡಿಗಲ್ಲು ಹಾಕಿದ್ದು 1889ರ ನವೆಂಬರ್ 30ರಂದು, ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್. ಎರಕದ ಕಬ್ಬಿಣ ಬಂದದ್ದು ಗ್ಲಾಸ್ಗೋದ ಫೌಂಡ್ರಿಯಿಂದ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಅದಕ್ಕೆ ಮಾದರಿ. ಚಳಿ ದೇಶದವರು ಗಾಜಿನ ಮನೆ ಕಟ್ಟೋದು ಗಿಡ ಬೆಚ್ಚಗಿರಲಿ ಅಂತ. ಬೆಂಗಳೂರಿಗೆ ಆ ಗರಜು ಎಲ್ಲಿದೆ? ಇಲ್ಲಿ ಅದು ಪ್ರದರ್ಶನದ ಮಂಟಪವಾಯಿತು. 1935ರಲ್ಲಿ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಪೂರ್ವದ ಕಡೆಗೆ ಅದನ್ನು ಬೆಳೆಸಿದರು. ಆ ಹೊತ್ತಿಗೆ ಗ್ಲಾಸ್ಗೋ ಕಡೆ ನೋಡಬೇಕಾಗಿರಲಿಲ್ಲ, ಭದ್ರಾವತಿಯ ಕಬ್ಬಿಣವೇ ಸಿಕ್ಕಿತು. ಒಂದೇ ಕಟ್ಟಡದಲ್ಲಿ ಒಂದು ಭಾಗ ಸ್ಕಾಟ್ಲೆಂಡಿನದು, ಇನ್ನೊಂದು ಭಾಗ ನಮ್ಮ ಮಲೆನಾಡ ಬಾಗಿಲಿನದು. ಮುಂದಿನ ವರ್ಷ, 1936ರಲ್ಲಿ, ಲಂಡನ್ನಿನ ಮೂಲ ಕ್ರಿಸ್ಟಲ್ ಪ್ಯಾಲೇಸ್ ಬೆಂಕಿಗೆ ಸುಟ್ಟು ಹೋಯಿತು. ನಕಲು ಉಳಿಯಿತು. ಈಗ ದಾವಣಗೆರೆಯವರು ಇದನ್ನು ನೋಡಿ ಇನ್ನೂ ದೊಡ್ಡದು ಕಟ್ಟಿಕೊಂಡಿದ್ದಾರೆ, ಅದು ಬೇರೆ ಮಾತು.

ಬಂಡೆಯ ವಿಷಯಕ್ಕೆ ಬರೋಣ. ಭಾನುವಾರ ಸಂಜೆ ಮಕ್ಕಳು ಜಾರುವ ಆ ಬಂಡೆ ಮೇಲೆ ಒಮ್ಮೆ ಬಗ್ಗಿ ಕೂತು ನೋಡಿ. ಕಲ್ಲು ಒಂದೇ ಬಣ್ಣ ಇಲ್ಲ. ತಿಳಿ ಬೂದಿ, ಕಪ್ಪು, ಮತ್ತೆ ತಿಳಿ ಹೀಗೆ ಪಟ್ಟೆ ಪಟ್ಟೆ. ಕೆಲವು ಕಡೆ ಪಟ್ಟೆಗಳು ನೆಟ್ಟಗೆ ಹೋಗದೆ ಸುಕ್ಕುಗಟ್ಟಿವೆ, ಚಪಾತಿ ಹಿಟ್ಟು ಮಡಚಿ ಒತ್ತಿದ ಹಾಗೆ. ಭೂಮಿಯ ಆಳದಲ್ಲಿ ಕಾವು, ಒತ್ತಡ ಎರಡಕ್ಕೂ ಸಿಕ್ಕಿ ಮರುರೂಪ ತಳೆದ ಕಲ್ಲು ಇದು. ಇದನ್ನು ನೈಸ್ ಅನ್ನುತ್ತಾರೆ. ವಯಸ್ಸು ಸುಮಾರು 300 ಕೋಟಿ ವರ್ಷ. ದಕ್ಷಿಣ ಭಾರತದ ದೊಡ್ಡ ಭಾಗದ ತಳಪಾಯವೇ ಈ ಕಲ್ಲು. ಇದಕ್ಕೆ ‘ಪೆನಿನ್ಸುಲಾರ್ ನೈಸ್’ ಅಂತ ಹೆಸರಿಟ್ಟವರು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸ್ಮೀತ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ. ತೋಟದಲ್ಲೇ ಇನ್ನೊಂದು ಕಡೆ ತಮಿಳುನಾಡಿನ ತಿರುವಕ್ಕರೈಯಿಂದ ತಂದ ಕಲ್ಲಾದ ಮರದ ದಿಮ್ಮಿ ಇದೆ, ಅದಕ್ಕೆ 2 ಕೋಟಿ ವರ್ಷ. ಬಂಡೆಯ ಪಕ್ಕದಲ್ಲಿ ಅದು ಕೂಸು.

ಈ ಬಂಡೆ ಮೊದಲಿಂದ ತೋಟದ ಒಳಗೆ ಇರಲಿಲ್ಲ. 1891ರಲ್ಲಿ ಸೇರಿಸಿಕೊಂಡದ್ದು. ಅಂದರೆ 300 ಕೋಟಿ ವರ್ಷದ ಕಲ್ಲು, ಅದರ ತಲೆ ಮೇಲೆ ಕೆಂಪೇಗೌಡರ ಹೆಸರಿನ ಗೋಪುರ, ಕೆಳಗೆ ಹೈದರ್‌ನ ತೋಟ, ಪಕ್ಕದಲ್ಲಿ ವಿಕ್ಟೋರಿಯಾ ಕಾಲದ ಕಬ್ಬಿಣ, ದೂರದಲ್ಲಿ 1983ರ ಹೂವಿನ ಗಡಿಯಾರ. ಆ ಗಡಿಯಾರದ ಸುತ್ತ ಸ್ನೋ ವೈಟ್ ಮತ್ತು ಏಳು ಕುಳ್ಳರು ಯಾಕಿದ್ದಾರೋ, ಮಕ್ಕಳಿಗೆ ಖುಷಿ, ಇರಲಿ ಬಿಡಿ. ಒಂದು ಕಾಲದ್ದನ್ನು ಅಳಿಸಿ ಇನ್ನೊಂದು ಬಂದಿಲ್ಲ. ಒಂದರ ಪಕ್ಕ ಒಂದು ಕೂತಿದೆ.

1908ರಲ್ಲಿ ಬಂದವರು ಗುಸ್ತಾವ್ ಹರ್ಮನ್ ಕ್ರುಂಬಿಗೆಲ್. ಜರ್ಮನಿಯ ಡ್ರೆಸ್ಡೆನ್ ಹತ್ತಿರದವರು. ಕ್ಯೂನಲ್ಲಿ ಕೆಲಸ ಕಲಿತು, ಬರೋಡಾದಲ್ಲಿ ದುಡಿದು, ಮೈಸೂರು ಸಂಸ್ಥಾನಕ್ಕೆ ಬಂದರು. ಕೆಆರ್‌ಎಸ್‌ನ ಬೃಂದಾವನದ ವಿನ್ಯಾಸದಲ್ಲಿ ಅವರ ಕೈ ಇದೆ. ಬೆಂಗಳೂರಿನ ಬೀದಿಗಳಲ್ಲಿ ವರ್ಷದ ಯಾವ ತಿಂಗಳಲ್ಲಾದರೂ ಯಾವುದೋ ಒಂದು ಮರ ಹೂ ಬಿಟ್ಟಿರಬೇಕು, ಒಂದು ಮುಗಿಯುವಾಗ ಇನ್ನೊಂದು ಶುರುವಾಗಬೇಕು ಅನ್ನೋದು ಅವರ ಯೋಜನೆ. ಲಾಲ್‌ಬಾಗ್ ಗೋಡೆ ದಾಟಿ ಊರಿಗೆ ಹೊರಟದ್ದು ಹೀಗೆ. ಜರ್ಮನ್ ಅನ್ನುವ ಕಾರಣಕ್ಕೆ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಅವರನ್ನು ಬಂಧನದಲ್ಲಿ ಇಟ್ಟಿದ್ದೂ ಉಂಟು. ಆದರೂ ಇಲ್ಲೇ ಇದ್ದರು. 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

ಇಲ್ಲಿಯವರೆಗೆ ಬರೀ ದೊರೆಗಳ ಹೆಸರು ಬಂತು, ಅಲ್ವಾ? ಗುಂಡಿ ತೋಡಿದವರು ಯಾರು, ಕಸಿ ಕಟ್ಟಿದವರು ಯಾರು, ರಾತ್ರಿ ಮಂಜು ಬಿದ್ದಾಗ ಸಸಿಗೆ ಹೊದಿಸಿದವರು ಯಾರು? ಕ್ಯಾಟಲಾಗಿನಲ್ಲಿ ಅವರ ಹೆಸರಿಲ್ಲ. ತೋಟಗಾರಿಕೆಯೇ ಕುಲಕಸುಬಾದ ತಿಗಳರ ದುಡಿಮೆ ಬಿಟ್ಟರೆ ಬೆಂಗಳೂರಿನ ತೋಟಗಳ ಚರಿತ್ರೆಯೇ ಇಲ್ಲ. ಕರಗದ ರಾತ್ರಿ ಊರೆಲ್ಲ ಅವರನ್ನು ನೆನೆಯುತ್ತದೆ, ಲಾಲ್‌ಬಾಗಿನ ಕಥೆ ಹೇಳುವಾಗ ಮರೆಯುತ್ತದೆ.

ಹೆಸರು ಉಳಿದ ಒಬ್ಬರಿದ್ದಾರೆ. ಚೆಲುವಯ್ಯ ರಾಜು, ಲಾಲ್‌ಬಾಗಿನ ಚಿತ್ರಕಾರರು. ಆಗ ಬಣ್ಣದ ಫೋಟೊ ಇರಲಿಲ್ಲ. ಹೂ ಬಾಡುವ ಮೊದಲು ಅದರ ಎಸಳು, ಕೇಸರ, ಸೀಳಿದ ಕಾಯಿ, ಎಲೆಯ ನರ ಎಲ್ಲವನ್ನೂ ಅಳತೆ ತಪ್ಪದಂತೆ ಬಣ್ಣದಲ್ಲಿ ಬರೆಯಬೇಕಿತ್ತು. ಚಂದಕ್ಕೆ ಬರೆದ ಚಿತ್ರ ಅಲ್ಲ ಅದು, ಗಿಡದ ಗುರುತಿನ ಚೀಟಿ. ಮರ ಸತ್ತ ಮೇಲೂ ಅದು ಇಲ್ಲಿತ್ತು ಅನ್ನೋಕೆ ಆ ಹಾಳೆ ಸಾಕ್ಷಿ. ನನ್ನನ್ನು ಕೇಳಿದರೆ ಆ ಚಿತ್ರಗಳಿಗೂ ಗಾಜಿನ ಮನೆಯಷ್ಟೇ ಬೆಲೆ.

1932ರಲ್ಲಿ ಎಚ್.ಸಿ. ಜವರಾಯರು ಅಧಿಕಾರ ವಹಿಸಿಕೊಂಡರು, ಆ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯ. ಆಮೇಲೆ 1951ರಿಂದ ಎಂ.ಎಚ್. ಮರಿಗೌಡರು. ಟಿ. ನರಸೀಪುರ ತಾಲ್ಲೂಕಿನ ಹಳ್ಳಿಯಿಂದ ಹೊರಟು ಹಾರ್ವರ್ಡಿನಲ್ಲಿ ಡಾಕ್ಟರೇಟ್ ಮಾಡಿ ಬಂದವರು. ಅವರ ಕಾಲದಲ್ಲಿ ತೋಟಗಾರಿಕೆ ಕೃಷಿ ಇಲಾಖೆಯಿಂದ ಬೇರೆಯಾಗಿ ತನ್ನದೇ ಇಲಾಖೆಯಾಯಿತು. ಜಿಲ್ಲೆ ತಾಲ್ಲೂಕುಗಳಲ್ಲಿ ನರ್ಸರಿ, ತೋಟಗಾರಿಕೆ ಕ್ಷೇತ್ರ ಬಂದವು. 1959ರಲ್ಲಿ ದ್ರಾಕ್ಷಿ ಬೆಳೆಗಾರರಿಗಾಗಿ ಒಂದು ಸಹಕಾರ ಸಂಘ ಹುಟ್ಟಿತು. ಅದೇ ಇವತ್ತಿನ ಹಾಪ್‌ಕಾಮ್ಸ್. ಬಸ್‌ಸ್ಟಾಪ್ ಪಕ್ಕದ ಆ ಹಸಿರು ಗೂಡಂಗಡಿಯಲ್ಲಿ ಅರ್ಧ ಕೆಜಿ ಬಾಳೆಹಣ್ಣು ತೂಗಿಸುವಾಗ ಲಾಲ್‌ಬಾಗ್ ನೆನಪಾಗೋದು ಯಾರಿಗೆ?

ಈಗ ಶುರುವಿನ ಪ್ರಶ್ನೆಗೆ ಬರೋಣ. ಇಷ್ಟೆಲ್ಲ ಇರುವ ಜಾಗದಲ್ಲಿ ಉಳಿಸೋದು ಅಂದರೆ ಏನನ್ನು?

ಗುಡಿಯಾದರೆ ಕಲ್ಲು ಹಾಗೇ ಇರಲಿ ಅನ್ನಬಹುದು. ತೋಟದಲ್ಲಿ ಹಾಗೆ ಹೇಳೋಕಾಗಲ್ಲ. ಮರ ಬೆಳೆಯುತ್ತದೆ, ಮುದಿಯಾಗುತ್ತದೆ, ಒಂದು ಮಳೆಗಾಲದ ರಾತ್ರಿ ಬೀಳುತ್ತದೆ. ಪಾರಂಪರಿಕ ತಾಣಗಳ ತಜ್ಞರು 1981ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಸೇರಿ ಇದಕ್ಕೊಂದು ಸೂತ್ರ ಬರೆದರು. ಚಾರಿತ್ರಿಕ ತೋಟವನ್ನು ಜೀವಂತ ಸ್ಮಾರಕ ಅಂತ ನೋಡಬೇಕು, ಅದರ ವಸ್ತುಗಳು ಸಾಯುವಂಥವು, ಮತ್ತೆ ಹುಟ್ಟಿಸಬಹುದಾದವು ಅನ್ನೋದು ಅದರ ತಿರುಳು. ಕೇಳೋಕೆ ಸರಳ. ಮಾಡೋಕೆ ಕಷ್ಟ.

ಲಾಲ್‌ಬಾಗಿನ ಹಳೆಯ ಬಿಳಿ ಬೂರುಗದ ಮರ ನೋಡಿ. ಸುಮಾರು 200 ವರ್ಷದ್ದು ಅನ್ನುತ್ತಾರೆ. ಅದರ ಬುಡದಲ್ಲಿ ಬೇರುಗಳು ಗೋಡೆಗಳ ಹಾಗೆ ಎದ್ದಿವೆ, ಎರಡು ಗೋಡೆಗಳ ನಡುವೆ ಒಬ್ಬ ಆಳು ಆರಾಮಾಗಿ ಅವಿತುಕೊಳ್ಳಬಹುದು. ನಾಳೆ ಅದು ಹೋದರೆ? ಅದೇ ಜಾಗದಲ್ಲಿ ನರ್ಸರಿಯಿಂದ ತಂದ ಯಾವುದೋ ಬೂರುಗ ನೆಟ್ಟರೆ ನೆರಳು ಸಿಗುತ್ತದೆ, ವಂಶ ಸಿಗಲ್ಲ. ಇರುವಾಗಲೇ ಅದರ ಬೀಜದಿಂದ, ಟೊಂಗೆಯಿಂದ ಸಸಿ ಮಾಡಿಟ್ಟು, ಇದು ಆ ಮರದ ಮಗು ಅಂತ ಬರೆದಿಟ್ಟರೆ ಕೊಂಡಿ ಉಳಿಯುತ್ತದೆ. ಮರ, ಅದರ ಸಂತಾನ, ಅದರ ಕಾಗದ ಮೂರನ್ನೂ ಒಟ್ಟಿಗೆ ಕಾಯಬೇಕು.

ಕಾಗದ ಯಾಕೆ ಅಷ್ಟು ಮುಖ್ಯ ಅನ್ನೋಕೆ ಒಂದು ಚಂದದ ಉದಾಹರಣೆ ಇದೆ. ನಾವು ಕ್ರಿಸ್‌ಮಸ್ ಗಿಡ ಅನ್ನುವ ಅರೌಕೇರಿಯ ಲಾಲ್‌ಬಾಗಿನಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಕುಕ್ ಪೈನ್ ಅನ್ನುವ ಜಾತಿಯ ತವರು ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ. 2017ರಲ್ಲಿ ವಿಜ್ಞಾನಿಗಳು ಐದು ಖಂಡಗಳ 18 ಕಡೆ 256 ಕುಕ್ ಪೈನ್ ಅಳೆದು ನೋಡಿದರು. ಉತ್ತರ ಗೋಳಾರ್ಧದಲ್ಲಿ ಅವು ದಕ್ಷಿಣಕ್ಕೆ ವಾಲುತ್ತವೆ, ದಕ್ಷಿಣ ಗೋಳಾರ್ಧದಲ್ಲಿ ಉತ್ತರಕ್ಕೆ. ಹೆಚ್ಚುಕಮ್ಮಿ ಎಲ್ಲವೂ ಭೂಮಧ್ಯರೇಖೆಯ ಕಡೆಗೆ. ನೂರೈವತ್ತು ವರ್ಷದ ಹಿಂದೆ ತೋಟದವರು ಜಗತ್ತಿಗೆಲ್ಲ ಹಂಚಿ ಹೆಸರು ಬರೆದಿಟ್ಟಿರದಿದ್ದರೆ ಇಂಥ ಪ್ರಶ್ನೆ ಕೇಳೋಕೇ ಆಗುತ್ತಿರಲಿಲ್ಲ. ಮುಂದಿನ ಸಲ ಹೋದಾಗ ದೂರ ನಿಂತು ನೀವೂ ನೋಡಿ, ವಾಲಿದೆಯಾ ಅಂತ.

ಅಂಚಿನ ಜಾಗದ ಗಲಾಟೆಯೂ ಇದಕ್ಕೇ ಸೇರಿದ್ದು. 1975ರ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಕಬ್ಬನ್ ಪಾರ್ಕನ್ನೂ ಲಾಲ್‌ಬಾಗನ್ನೂ ಕಾಯುತ್ತದೆ. ಆದರೂ 2009ರಲ್ಲಿ ಮೆಟ್ರೊಗಾಗಿ ಅಂಚಿನ ಒಂದಷ್ಟು ಜಾಗ ಹೋಯಿತು, ಮರ ಉರುಳಿದಾಗ ಜನ ಬೀದಿಗಿಳಿದರು. 2025ರಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಹೋಗುವ ಸುರಂಗ ರಸ್ತೆಗೆ ಇಲ್ಲಿನ ಜಾಗ ಬೇಕು ಅನ್ನುವ ಮಾತು ಬಂದಾಗ ಮತ್ತೆ ಅದೇ ಜಗಳ. ‘240 ಎಕರೆಯಲ್ಲಿ ಕೆಲವೇ ಎಕರೆ ಅಲ್ವಾ’ ಅನ್ನುವವರಿದ್ದಾರೆ. ಲೈಬ್ರರಿಯಲ್ಲಿ ಕೆಲವೇ ಕಪಾಟು ಅಲ್ವಾ ಅಂದ ಹಾಗೆ ಅದು. ಯಾವ ಕಪಾಟು ಅನ್ನೋದರ ಮೇಲೆ ಇದೆ.

ಇನ್ನೊಂದು ಪರಂಪರೆ ಗೋಡೆಯ ಆಚೆ ಇದೆ. ಲಾಲ್‌ಬಾಗಿನ ಪಕ್ಕದ ಸಿದ್ದಾಪುರದಲ್ಲಿ ಸಾಲು ಸಾಲು ನರ್ಸರಿಗಳಿವೆ. ಹೋದ ತಿಂಗಳು ಬಾಲ್ಕನಿಗೆ ಒಂದು ಗಿಡ ತರೋಣ ಅಂತ ಹೋಗಿದ್ದೆ. ಮಾರುತ್ತಿದ್ದ ಅಮ್ಮ ಮೊದಲು ಬೆಲೆ ಹೇಳಲಿಲ್ಲ.

‘ಬಿಸಿಲು ಬೆಳಗ್ಗೆ ಬರುತ್ತಾ, ಮಧ್ಯಾಹ್ನ ಬರುತ್ತಾ?’ ಅಂದರು.

‘ಮಧ್ಯಾಹ್ನ.’

‘ಹಂಗಾದ್ರೆ ಅಗ್ಲೋನಿಮಾ ಬೇಡ ಸಾರ್, ಸುಟ್ಟೋಯ್ತದೆ. ಡ್ರೆಸೀನಾ ತಗೊಳ್ಳಿ. ಇಲ್ಲಾಂದ್ರೆ ಫೈಕಸ್.’

ಗ್ರೀಕ್, ಲ್ಯಾಟಿನ್ ಹೆಸರುಗಳು ಸೊಪ್ಪಿನ ಹೆಸರಿನಷ್ಟು ಸಲೀಸಾಗಿ ಬಂದವು. ಮಾತಾಡುತ್ತಲೇ ಪಕ್ಕದ ಕುಂಡದ ಮಣ್ಣಿಗೆ ಬೆರಳು ಇಳಿಸಿ ತೇವ ನೋಡಿದರು, ಬೆರಳು ಸೆರಗಿಗೆ ಒರೆಸಿಕೊಂಡು, ಪಾಟಿಗೆ ಎಷ್ಟು ಗೊಬ್ಬರ ಹಾಕಬೇಕು ಅಂತ ಹೇಳೋಕೆ ಶುರು ಮಾಡಿದರು.